ಹೂವಿಗಿಂತ ಮೊದಲು ಎಲೆ: ಮನೆಯಂಗಳದಲ್ಲಿ ಪಾತರಗಿತ್ತಿ

(ಬಾಗಲಕೋಟೆಯ ನವನಗರದಲ್ಲಿ ಕೈತೋಟದ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೆ, ತಾಯಂದಿರಿಗೆ ಮತ್ತು ತೋಟಗಾರಿಕೆ ಓದುತ್ತಿರುವ ವಿದ್ಯಾರ್ಥಿ ಮಿತ್ರರಿಗೆ ನಮಸ್ಕಾರ.

ಪಾತರಗಿತ್ತಿಗಳನ್ನು ಕರೆತರುವ ಗಿಡ ಯಾವುದು, ಅದನ್ನು ನಮ್ಮ ಅಂಗಳದಲ್ಲಿ ಬೆಳೆಸುವುದು ಹೇಗೆ ಎಂದು ತಿಳಿಸಬೇಕೆಂಬುದು ನಿಮ್ಮ ಅಪೇಕ್ಷೆ. ಅದನ್ನು ವಿವರವಾಗಿಯೇ ಹೇಳುತ್ತೇನೆ. ಆದರೆ ನಾನು ಹೇಳಬೇಕಾದ ಮುಖ್ಯ ಮಾತು ಬೇರೆಯದೇ ಇದ್ದು, ಅದನ್ನು ಮೊದಲೇ ನಿಮ್ಮ ಮುಂದಿಡುತ್ತೇನೆ. ಹೂಬಿಡುವ ಗಿಡಕ್ಕೆ ಪಾತರಗಿತ್ತಿ ಉಣ್ಣಲು ಬಂದು ಹೋಗುತ್ತದೆ. ತನ್ನ ಮರಿಗಳು ಎಲೆ ತಿನ್ನಬಹುದಾದ ಗಿಡದಲ್ಲಿ ಮಾತ್ರ ಅದು ಸಂಸಾರ ಹೂಡುತ್ತದೆ. ಮಕರಂದ ಕೊಡುವುದು ನಮಗೆ ಸುಲಭದ ಕೆಲಸ, ನೋಡುವುದಕ್ಕೂ ಚೆಂದ. ಎಲೆ ಕೊಡುವುದು ಕಷ್ಟ, ಏಕೆಂದರೆ ಬೇಸಿಗೆಯಿಡೀ ಕೊಡದಲ್ಲಿ ನೀರು ಹೊತ್ತು ಉಳಿಸಿಕೊಂಡ ಗಿಡವನ್ನು ಹುಳು ಕಚಕಚನೆ ತಿನ್ನುವಾಗ ನಾವು ಕೈಕಟ್ಟಿ ನಿಲ್ಲಬೇಕಾಗುತ್ತದೆ. ಹಾಗೆ ನಿಲ್ಲಬಲ್ಲ ಮನೆಗಳು ನಮ್ಮ ಊರಿನಲ್ಲಿ ಹೆಚ್ಚಬೇಕು ಎಂಬುದಕ್ಕಾಗಿಯೇ ನಾನು ಇಲ್ಲಿ ನಿಂತಿದ್ದೇನೆ.

ಜಗತ್ತಿನ ತೋಟಗಾರರಲ್ಲಿ 'ಬಟರ್‌ಫ್ಲೈ ಬುಷ್' ಎಂದೇ ಹೆಸರಾದ ಗಿಡ ಬಡ್ಲಿಯಾ. ಅದರ ಹಲವು ಜಾತಿಗಳ ಪೈಕಿ ಹೆಚ್ಚು ಪ್ರಚಾರ ಪಡೆದಿರುವುದು ಬಡ್ಲಿಯಾ ಡೇವಿಡಿಯೈ. ಇದರ ತವರು ಮಧ್ಯ ಚೀನಾದ ಹುಬೇ, ಸಿಚುವಾನ್ ಪ್ರಾಂತ್ಯಗಳ ಬೆಟ್ಟಸೀಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಚೀನಾದಲ್ಲಿ ನೆಲೆಸಿ ಅಲ್ಲಿನ ಸಸ್ಯ, ಪ್ರಾಣಿಗಳನ್ನು ಸಂಗ್ರಹಿಸಿದ ಫ್ರೆಂಚ್ ಪಾದ್ರಿ ಆರ್ಮಾಂಡ್ ಡೇವಿಡ್ ಅವರ ಹೆಸರು ಅದಕ್ಕೆ ಬಂದಿದೆ. ಕೊಂಬೆಯ ತುದಿಯಲ್ಲಿ ನೇರಳೆ, ಗುಲಾಬಿ ಅಥವಾ ಬಿಳಿ ಬಣ್ಣದ ಉದ್ದನೆಯ ತೆನೆಗಳು ಮೂಡುತ್ತವೆ. ಒಂದೊಂದು ತೆನೆಯಲ್ಲಿಯೂ ಜೇನಿನ ಕಂಪಿನ ಸಣ್ಣ ಸಣ್ಣ ಕೊಳವೆ ಹೂಗಳು ಒತ್ತೊತ್ತಾಗಿರುತ್ತವೆ. ಪಾತರಗಿತ್ತಿಯ ಸುರುಳಿ ನಾಲಗೆಗೆ ಆ ಕೊಳವೆಯ ತಳದ ಮಕರಂದ ಸರಿಯಾಗಿ ಎಟುಕುತ್ತದೆ. ಒಂದೇ ತೆನೆಯ ಮೇಲೆ ಕುಳಿತು ನೂರಾರು ಹೂಗಳಿಗೆ ನಾಲಗೆ ಚಾಚಬಹುದಾದ್ದರಿಂದ ಹಾರಾಟದ ಶ್ರಮವೂ ಉಳಿಯುತ್ತದೆ. ಈ ಗಿಡಕ್ಕೆ ಪಾತರಗಿತ್ತಿಗಳು ಮುತ್ತುವುದರ ಕಾರಣ ಇಷ್ಟೇ.

1890ರ ದಶಕದಲ್ಲಿ ಬಡ್ಲಿಯಾ ಯುರೋಪಿನ ತೋಟಗಳನ್ನು ಸೇರಿತು. ನದಿ ದಂಡೆಯ ಹರಳುಗಲ್ಲುಗಳಲ್ಲಿ, ಬೆಟ್ಟದ ಕುಸಿದ ಇಳಿಜಾರುಗಳಲ್ಲಿ ಹುಟ್ಟಿ ಬೆಳೆದ ಗಿಡವಾದ್ದರಿಂದ ಅದಕ್ಕೆ ಕಲ್ಲು, ಸುಣ್ಣ, ಬಿರುಕು ಎಲ್ಲವೂ ಒಗ್ಗಿದವು. ಗಾಳಿಯಲ್ಲಿ ತೇಲುವ ಅದರ ಹಗುರ ಬೀಜ ಬ್ರಿಟನ್ನಿನ ರೈಲು ಹಳಿಗಳ ಉದ್ದಕ್ಕೂ, ಹಳೆಯ ಗೋಡೆಗಳ ಸಂದುಗಳಿಗೂ, ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಪಾಳಾದ ಕಟ್ಟಡಗಳ ಒಳಗೂ ಹರಡಿತು. ಅಮೆರಿಕದ ಆರೆಗನ್ ರಾಜ್ಯದಲ್ಲಿ ಅದು ಉಪದ್ರವಕಾರಿ ಕಳೆಗಳ ಪಟ್ಟಿಯಲ್ಲಿದ್ದು, ಬೀಜ ಕಟ್ಟದಂತೆ ರೂಪಿಸಿದ ತಳಿಗಳಿಗೆ ಮಾತ್ರ ಅಲ್ಲಿ ಅವಕಾಶವಿದೆ. ಇಷ್ಟು ಹರಡಿದರೂ ಆ ನಾಡುಗಳ ಪಾತರಗಿತ್ತಿಗಳ ಮರಿಗಳಿಗೆ ಅದರ ಎಲೆ ಬಹುಮಟ್ಟಿಗೆ ಆಹಾರವಲ್ಲ. ನದಿ ದಂಡೆಯಲ್ಲಿ ಅದು ಒತ್ತರಿಸಿದ ಸ್ಥಳೀಯ ಗಿಡಗಳ ಎಲೆಯನ್ನೇ ಆ ಮರಿಗಳು ತಿನ್ನುತ್ತಿದ್ದವು. ಪಾತರಗಿತ್ತಿಯ ಹೆಸರನ್ನೇ ಹೊತ್ತ ಗಿಡವೊಂದು ಅದರ ಸಂತತಿಗೆ ಹೀಗೆ ಅಡ್ಡಿಯಾಗಬಲ್ಲದು ಎಂಬುದನ್ನು ಗಿಡ ಕೊಳ್ಳುವ ಮೊದಲೇ ತಿಳಿದಿರುವುದು ಒಳ್ಳೆಯದು.

ಇನ್ನು ನಮ್ಮಲ್ಲಿ ಅದನ್ನು ಬೆಳೆಸುವ ವಿಚಾರ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದ್ದು ಸಹ್ಯಾದ್ರಿಯ ತಂಪು ತಾಗುವ ಬೆಳಗಾವಿಯಲ್ಲಿ ಬಡ್ಲಿಯಾ ಸ್ವಲ್ಪ ನೆಮ್ಮದಿಯಿಂದ ಬಾಳಬಲ್ಲದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಾಗಲಕೋಟೆ, ವಿಜಯಪುರಗಳ ಬಿಸಿಲು ಅದಕ್ಕೆ ಹೇಳಿ ಮಾಡಿಸಿದ್ದಲ್ಲ. ಬೆಳೆಸಲೇಬೇಕೆಂಬ ಆಸೆಯಿದ್ದವರು ಮುಂಜಾನೆಯ ಬಿಸಿಲು ಬಿದ್ದು ಮಧ್ಯಾಹ್ನದ ನಂತರ ಗೋಡೆಯ ನೆರಳು ಸಿಗುವ ಜಾಗವನ್ನು ಆರಿಸಬೇಕು. ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಆದ್ದರಿಂದ ಏರುಮಡಿ ಮಾಡಿ, ಗರಸು ಮತ್ತು ಮರಳನ್ನು ಧಾರಾಳವಾಗಿ ಬೆರೆಸಿ, ಹಳೆಯ ಕೊಟ್ಟಿಗೆ ಗೊಬ್ಬರವನ್ನು ಮಿತವಾಗಿ ಕೊಟ್ಟು ನೆಡಬೇಕು. ದೊಡ್ಡ ಕುಂಡದಲ್ಲಿ ಬೆಳೆಸಿದರೆ ಇನ್ನೂ ಅನುಕೂಲ, ಬಿಸಿಲು ಹೆಚ್ಚಾದಾಗ ನೆರಳಿಗೆ ಸರಿಸಬಹುದು. ಹೊಸ ಚಿಗುರಿನ ತುದಿಯಲ್ಲಿಯೇ ಹೂ ಬರುವುದರಿಂದ ಮುಂಗಾರಿಗೆ ಮುನ್ನ ಮೊಣಕಾಲೆತ್ತರಕ್ಕೆ ಕತ್ತರಿಸಲು ಹಿಂಜರಿಯಬೇಡಿ. ಬಾಡಿದ ತೆನೆಗಳನ್ನು ಬೀಜ ಬಲಿಯುವ ಮೊದಲೇ ಕತ್ತರಿಸುವುದರಿಂದ ಹೊಸ ತೆನೆಗಳು ಬರುತ್ತವೆ, ಬೀಜ ಹರಡುವುದೂ ತಪ್ಪುತ್ತದೆ. ಇದೇ ಕುಲದ, ಬಿಳಿ ತೆನೆಯ ಬಡ್ಲಿಯಾ ಏಷ್ಯಾಟಿಕಾ ನಮ್ಮ ದೇಶದಲ್ಲಿಯೇ ಸಹಜವಾಗಿ ಬೆಳೆಯುವ ಗಿಡ. ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ನರ್ಸರಿಯಲ್ಲಿ 'ನೀಲಿ ಬಟರ್‌ಫ್ಲೈ ಬುಷ್' ಎಂದು ಕೊಟ್ಟರೆ ಅದು ಬಡ್ಲಿಯಾ ಅಲ್ಲವೆಂಬುದು ನೆನಪಿರಲಿ. ಅದು ಪೂರ್ವ ಆಫ್ರಿಕಾ ಮೂಲದ ಇನ್ನೊಂದು ಗಿಡ, ಅದರ ಹೂವಿನ ಆಕಾರ ಪಾತರಗಿತ್ತಿಯಂತಿದೆ.

ಮಕರಂದಕ್ಕಾಗಿಯೇ ಆದರೆ ನಮ್ಮ ಬಿಸಿಲಿಗೆ ಒಗ್ಗಿದ ಗಿಡಗಳಿಗೇನೂ ಕೊರತೆಯಿಲ್ಲ. ರತ್ನಗಂಧಿ, ಕೇಪಳ, ಸದಾಪುಷ್ಪ, ಚೆಂಡುಹೂವು, ಜಿನ್ನಿಯಾ ಇವೆಲ್ಲ ಸಾಕು. ಎಸಳಿನ ಮೇಲೆ ಎಸಳು ಕಿಕ್ಕಿರಿದ ಹೈಬ್ರಿಡ್ ತಳಿಗಳಿಗಿಂತ ಒಂಟಿ ಸುತ್ತಿನ ಹೂಗಳೇ ಉತ್ತಮ. ಕಿಕ್ಕಿರಿದ ಹೂಗಳಲ್ಲಿ ಮಕರಂದ ಕಡಿಮೆ, ಇದ್ದದ್ದೂ ನಾಲಗೆಗೆ ಎಟುಕುವುದಿಲ್ಲ. ಅಂಗಳದ ಅಂಚಿನಲ್ಲಿ ಯಾರೂ ನೆಡದೆ ಹುಟ್ಟುವ, ಹಳದಿ ನಡುವಿನ ಸುತ್ತ ಬಿಳಿ ಎಸಳಿನ ಟ್ರೈಡ್ಯಾಕ್ಸ್ ಎಂಬ ಪುಟ್ಟ ಗಿಡವನ್ನು ಕಸವೆಂದು ಪೂರ್ತಿ ಕೀಳಬೇಡಿ, ಏಕೆಂದರೆ ಬೇರೆ ಹೂವಿಲ್ಲದ ದಿನಗಳಲ್ಲಿ ಸಣ್ಣ ಪಾತರಗಿತ್ತಿಗಳ ಹೊಟ್ಟೆ ತುಂಬುವುದು ಅದರಿಂದಲೇ. ಲಂಟಾನವನ್ನು ಮಾತ್ರ ಹೊಸದಾಗಿ ನೆಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಅದಕ್ಕೆ ಪಾತರಗಿತ್ತಿಗಳು ಬರುವುದು ನಿಜ, ಆದರೆ ಅಲಂಕಾರಕ್ಕೆಂದು ನಮ್ಮ ದೇಶಕ್ಕೆ ತಂದ ಆ ಗಿಡ ಹಕ್ಕಿಗಳು ಬಿತ್ತಿದ ಬೀಜದಿಂದ ಕಾಡು, ಗೋಮಾಳಗಳನ್ನೆಲ್ಲ ಮುಚ್ಚಿಹಾಕಿರುವುದನ್ನು ನೀವೇ ನೋಡಿದ್ದೀರಿ.

ಈಗ ಎಲೆಯ ವಿಷಯಕ್ಕೆ ಬರೋಣ. ಲಿಂಬೆ ಅಥವಾ ಕರಿಬೇವು, ಇವೆರಡರಲ್ಲಿ ಒಂದಾದರೂ ಇಲ್ಲದ ಹಿತ್ತಿಲು ನಮ್ಮ ಕಡೆ ಅಪರೂಪ. ಕಪ್ಪು ಮತ್ತು ತಿಳಿಹಳದಿ ಮಚ್ಚೆಗಳ ಲೈಮ್ ಬಟರ್‌ಫ್ಲೈ, ಕಪ್ಪು ರೆಕ್ಕೆಯ ಕಾಮನ್ ಮಾರ್ಮನ್ ಎಂಬ ಎರಡು ದೊಡ್ಡ ಪಾತರಗಿತ್ತಿಗಳು ಮೊಟ್ಟೆಯಿಡುವುದು ಈ ಗಿಡಗಳ ಎಳೆ ಚಿಗುರಿನ ಮೇಲೆ. ಪೂಜೆಗೆ ಬಳಸುವ ಪತ್ರಿ ಗಿಡವೂ ಲೈಮ್ ಬಟರ್‌ಫ್ಲೈಗೆ ಆಗುತ್ತದೆ. ಹೆಣ್ಣು ಪಾತರಗಿತ್ತಿ ಗಿಡದಿಂದ ಗಿಡಕ್ಕೆ ಹಾರುತ್ತ ಎಲೆಯ ಮೇಲೆ ಕ್ಷಣಕಾಲ ಕುಳಿತು ಮುಂಗಾಲಿನಿಂದ ಪಟಪಟನೆ ತಟ್ಟುತ್ತದೆ. ಅದರ ಕಾಲಿನಲ್ಲಿ ರುಚಿ ಅರಿಯುವ ಅಂಗಗಳಿದ್ದು, ಸಂತೆಯಲ್ಲಿ ಕಾಯಿಪಲ್ಯವನ್ನು ಮುಟ್ಟಿ, ಒತ್ತಿ ನೋಡಿ ಕೊಳ್ಳುವ ತಾಯಂದಿರಂತೆ ಅದು ಇದೇ ತನ್ನ ಮರಿಗೆ ಬೇಕಾದ ಎಲೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮೊಟ್ಟೆಯಿಡುತ್ತದೆ. ಬೇರೆ ಗಿಡದ ಮೇಲೆ ಮೊಟ್ಟೆಯಿಟ್ಟರೆ ಮರಿ ಉಪವಾಸ ಬಿದ್ದು ಸಾಯುತ್ತದೆ. ಅದಕ್ಕೆ ತಿನ್ನಲು ಬರುವುದು ಕೆಲವೇ ಗಿಡಗಳ ಎಲೆ.

ಮೊಟ್ಟೆಯೊಡೆದು ಬಂದ ಮರಿಹುಳು ಮೊದಲ ದಿನಗಳಲ್ಲಿ ಕಂದು ಮತ್ತು ಬಿಳಿ ಬಣ್ಣದಲ್ಲಿದ್ದು, ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯಂತೆಯೇ ಕಾಣುತ್ತದೆ. ಹಕ್ಕಿ ಅದನ್ನು ನೋಡಿಯೂ ಮುಂದೆ ಹೋಗಲೆಂದೇ ಈ ವೇಷ. ದೊಡ್ಡದಾದ ಮೇಲೆ ಅದು ಎಲೆಯ ಹಸಿರು ಬಣ್ಣಕ್ಕೆ ತಿರುಗುತ್ತದೆ. ಆಗ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ, ಕಿತ್ತಳೆ ಅಥವಾ ಕೆಂಪು ಬಣ್ಣದ ಅಂಗವೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಇದನ್ನು ನೋಡಿ ಕೊಂಬೆಂದು, ಕಚ್ಚುವ ಹುಳುವೆಂದು ಹೆದರಿ ಚಪ್ಪಲಿಯಿಂದ ಒರೆಸಿದವರು ನಮ್ಮ ನಡುವೆ ಬಹಳ ಮಂದಿ. ಅದು ಕಚ್ಚುವುದಿಲ್ಲ, ಅದರ ಮೈಯಲ್ಲಿ ತುರಿಸುವ ರೋಮಗಳೂ ಇಲ್ಲ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹಿಡಿದು ರೆಕ್ಕೆ ಬರುವ ತನಕ ಸುಮಾರು ಒಂದು ತಿಂಗಳು ಸಾಕು, ಎಲೆ ತಿನ್ನುವ ಅವಧಿ ಅದರಲ್ಲಿ ಅರ್ಧ ಮಾತ್ರ. ಇಳುವರಿ ಕೊಡುವ ವಯಸ್ಸಿನ ಮರಕ್ಕೆ ಇದರಿಂದ ಏನೂ ಆಗುವುದಿಲ್ಲ. ಆದರೆ ಸಸಿಯ ಮಾತು ಬೇರೆ, ನಾಲ್ಕೈದು ಹುಳುಗಳು ಸೇರಿದರೆ ಒಂದು ಚಿಕ್ಕ ಸಸಿಯನ್ನು ಬೋಳು ಮಾಡಬಲ್ಲವು. 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಇಂಡಿ ಲಿಂಬೆಯ ಬೆಳೆಗಾರರು ಸಸಿಮಡಿಯಲ್ಲಿ ಈ ಹುಳುವನ್ನು ಪೀಡೆಯೆಂದೇ ಎಣಿಸುತ್ತಾರೆ, ಅವರ ಮಟ್ಟಿಗೆ ಅದು ಸರಿಯೇ. ಮನೆಯಂಗಳದವರು ಸಸಿಯ ಮೇಲಿನ ಹುಳುವನ್ನು ಎಲೆಸಮೇತ ಎತ್ತಿ ದೊಡ್ಡ ಕರಿಬೇವಿನ ಗಿಡಕ್ಕೆ ಸೇರಿಸಿದರೆ ಎರಡೂ ಉಳಿಯುತ್ತವೆ.

ಎಕ್ಕೆಯ ಕಥೆ ಇನ್ನೂ ಸೊಗಸಾಗಿದೆ. ಶನಿವಾರ ಮಾರುತಿಯ ಗುಡಿಗೆ ಎಕ್ಕೆಯ ಹಾರ ಒಯ್ಯುವ ನಾವು ಮನೆಯ ಹತ್ತಿರ ಎಕ್ಕೆ ಹುಟ್ಟಿದರೆ ಕಡಿದು ಹಾಕುತ್ತೇವೆ. ಅದರ ಎಲೆಯ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಗಳ, ಮೈಮೇಲೆ ಮೂರು ಜೊತೆ ಕಪ್ಪು ತಂತುಗಳನ್ನು ಹೊತ್ತ ಹುಳು ಕಂಡರೆ ಅದು ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಪಾತರಗಿತ್ತಿಯ ಮರಿ. ಎಕ್ಕೆಯ ಹಾಲಿನಲ್ಲಿರುವ ವಿಷ ಹೃದಯಕ್ಕೆ ಹಾನಿಕರವಾದದ್ದು. ಆ ವಿಷವನ್ನೇ ಈ ಹುಳು ತಿಂದು, ತನ್ನ ಮೈಯಲ್ಲಿ ಕೂಡಿಟ್ಟುಕೊಂಡು, ರೆಕ್ಕೆ ಬಂದ ಮೇಲೂ ಅದನ್ನು ರಕ್ಷಣೆಗೆ ಬಳಸುತ್ತದೆ. ಒಮ್ಮೆ ಅದನ್ನು ತಿಂದು ವಾಂತಿ ಮಾಡಿಕೊಂಡ ಹಕ್ಕಿ ಆ ಬಣ್ಣವನ್ನು ಮತ್ತೆ ಮುಟ್ಟುವುದಿಲ್ಲ. ಹೀಗಾಗಿಯೇ ಪ್ಲೇನ್ ಟೈಗರ್ ಯಾವ ಅವಸರವೂ ಇಲ್ಲದೆ ನಿಧಾನವಾಗಿ ತೇಲಿಕೊಂಡು ಹಾರುತ್ತದೆ. ಡನೈಡ್ ಎಗ್‌ಫ್ಲೈ ಎಂಬ, ವಿಷವಿಲ್ಲದ ಇನ್ನೊಂದು ಪಾತರಗಿತ್ತಿಯ ಹೆಣ್ಣು ತನ್ನ ಗಂಡನ್ನು ಒಂದಿಷ್ಟೂ ಹೋಲದೆ, ಪ್ಲೇನ್ ಟೈಗರಿನ ಪಡಿಯಚ್ಚಾಗಿರುತ್ತದೆ. ಎಕ್ಕೆಯ ವಿಷದಿಂದ ಬಂದ ಭಯವೇ ಅದನ್ನು ಕಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಪಡೆದಿರುವ ಈ ಪಾತರಗಿತ್ತಿಯ ಮರಿ ತಿನ್ನುವುದು ನಾವು ಪಲ್ಯ ಮಾಡುವ ಗೋಣಿಸೊಪ್ಪನ್ನು. ಒಂದು ಎಕ್ಕೆ, ಅದರ ಬುಡದಲ್ಲಿ ಒಂದಿಷ್ಟು ಗೋಣಿಸೊಪ್ಪು ಇದ್ದರೆ ಈ ನಾಟಕದ ಎರಡೂ ಪಾತ್ರಗಳು ನಿಮ್ಮ ಅಂಗಳದಲ್ಲಿಯೇ ಕಾಣಸಿಗುತ್ತವೆ. ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೆ ಅಪಾಯವಾದ್ದರಿಂದ ಸಣ್ಣ ಮಕ್ಕಳು ಆಡುವ ಜಾಗದಿಂದ ದೂರ, ಹಿತ್ತಿಲ ಗೋಡೆಯ ಮೂಲೆಯಲ್ಲಿ ಅದನ್ನು ಇಟ್ಟುಕೊಳ್ಳಿ.

ಪೂಜೆಯ ಹೂವಿಗಾಗಿ ಬೆಳೆಸುವ ಕಣಗಿಲೆಯ ಎಲೆಯಡಿಯಲ್ಲಿ ಬೆಳ್ಳಿಯ ತಗಡಿನಂತೆ ಹೊಳೆಯುವ ಕೋಶವೊಂದು ನೇತಾಡುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಕಾಮನ್ ಕ್ರೋ ಎಂಬ ಕಂದುಗಪ್ಪು ಪಾತರಗಿತ್ತಿಯ ಕೋಶ. ಇದರ ಮರಿ ಆಲ, ಅತ್ತಿಗಳ ಎಲೆಯನ್ನೂ ತಿನ್ನುತ್ತದೆ. ಕಣಗಿಲೆ, ನಂದಿಬಟ್ಟಲುಗಳ ಮೇಲೆ ಬೆರಳು ಗಾತ್ರದ, ಹಿಂದೆ ಒಂದು ಮುಳ್ಳಿರುವ, ಮುಂಭಾಗದಲ್ಲಿ ನೀಲಿ ಕಣ್ಣಿನಂಥ ಎರಡು ಮಚ್ಚೆಗಳಿರುವ ಹಸಿರು ಹುಳು ಕಂಡು ಜನ ಹಾವಿನ ಮರಿಯನ್ನು ಕಂಡಂತೆ ಬೆಚ್ಚುತ್ತಾರೆ. ಅದು ಪಾತರಗಿತ್ತಿಯ ಮರಿಯಲ್ಲ, ಸಂಜೆಗತ್ತಲಲ್ಲಿ ಹೂವಿನ ಮುಂದೆ ಗಾಳಿಯಲ್ಲಿಯೇ ನಿಂತು ಮಕರಂದ ಹೀರುವ ಹಾಕ್ ಮಾತ್ ಎಂಬ ಪತಂಗದ ಮರಿ. ಆ ಮಚ್ಚೆಗಳು ಬರಿಯ ಬೆದರಿಕೆ, ಮುಳ್ಳು ಚುಚ್ಚುವುದಿಲ್ಲ. ಭಾರತದಲ್ಲಿ ಪಾತರಗಿತ್ತಿಗಳ 1,300ಕ್ಕೂ ಹೆಚ್ಚು ಜಾತಿಗಳಿದ್ದರೆ, ಪತಂಗಗಳ ಜಾತಿಗಳು 10,000ಕ್ಕೂ ಮಿಗಿಲಾಗಿವೆ. ರಾತ್ರಿ ಅರಳುವ ಬಿಳಿ ಹೂಗಳ ಪರಾಗಸ್ಪರ್ಶಕ್ಕೆ ಬಹುಮಟ್ಟಿಗೆ ಅವೇ ಆಧಾರ, ಆದರೂ ಅವುಗಳ ಬಗ್ಗೆ ನಮ್ಮ ಗಮನ ತೀರ ಕಡಿಮೆ. ಹಿತ್ತಿಲ ದೀಪವನ್ನು ರಾತ್ರಿಯಿಡೀ ಉರಿಸದೆ, ಬೇಕಾದಾಗ ಮಾತ್ರ ಹಚ್ಚಿದರೆ ಅವುಗಳಿಗೆ ದೊಡ್ಡ ಉಪಕಾರ.

ಉಳಿದ ಗಿಡಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಗೋಡೆಯ ಸಾಲಿಗೆ ನೆಡುವ ಉದ್ದನೆಯ ಅಶೋಕ ಮತ್ತು ಸೀತಾಫಲ, ಟೇಲ್ಡ್ ಜೇ ಎಂಬ ಹಸಿರು ಚುಕ್ಕೆಯ ಪಾತರಗಿತ್ತಿಗೆ. ಕಕ್ಕೆ ಮತ್ತು ತಂಗಡಿ, ತಿಳಿಹಳದಿಯ ಎಮಿಗ್ರೆಂಟ್‌ಗಳಿಗೆ. ಬಾರಿ ಗಿಡ, ಬಿಳಿಯ ಮೇಲೆ ಕಪ್ಪು ಬೊಟ್ಟಿಟ್ಟ ಕಾಮನ್ ಪಿಯರೊ ಎಂಬ ಪುಟ್ಟ ಪಾತರಗಿತ್ತಿಗೆ. ಹೊಲದ ಬದುವಿನ ಔಡಲ, ಕಾಮನ್ ಕ್ಯಾಸ್ಟರಿಗೆ. ಒಂದು ಮೂಲೆಯ ಹುಲ್ಲನ್ನು ಕತ್ತರಿಸದೆ ಬಿಟ್ಟರೆ ಕಂದು ಬಣ್ಣದ ಈವನಿಂಗ್ ಬ್ರೌನಿಗೂ ನೆಲೆಯಾಗುತ್ತದೆ. ಸೆಣಬಿನ ಜಾತಿಯ ಗಿಡಗಳ ಮತ್ತು ಚೇಳುಕೊಂಡಿಯ ವಿಷಯ ಬೇರೆ. ಪ್ಲೇನ್ ಟೈಗರ್ ಹಾಗೂ ಕ್ರೋಗಳ ಗಂಡುಗಳು ಹೆಣ್ಣನ್ನು ಒಲಿಸುವ ಗಂಧ ತಯಾರಿಸಿಕೊಳ್ಳಲು ಅವುಗಳ ಒಣಗಿದ ಭಾಗಗಳಿಂದ ರಸ ಹೀರುತ್ತವೆ. ಆದ್ದರಿಂದ ಒಣಗಿದ ಗಿಡವನ್ನು ಕೂಡಲೇ ಕಿತ್ತೆಸೆಯಬೇಡಿ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ನಮ್ಮ ಅಂಗಳಕ್ಕೆ ಬರಬೇಕೆಂದು ಆಸೆಪಟ್ಟು ಅದರ ಮರಿ ತಿನ್ನುವ ಈಶ್ವರಿ ಬಳ್ಳಿಯನ್ನು ತಂದು ನೆಟ್ಟರೆ ಫಲವಿಲ್ಲ; ಖಾನಾಪುರದ ಕಡೆಯ ಸಹ್ಯಾದ್ರಿಯ ತೇವದ ಕಾಡಿಗೆ ಸೇರಿದ ಜೀವಿ ಅದು. ನಮ್ಮ ಪಾಲಿನ ಸಂಪತ್ತು ಇರುವುದು ಯಡಹಳ್ಳಿ ಚಿಂಕಾರಾ ವನ್ಯಜೀವಿ ಧಾಮದಂಥ ಒಣ ಕುರುಚಲು ಕಾಡಿನಲ್ಲಿ. ಬಾರಿ, ಕವಳಿ, ತಂಗಡಿಯಂಥ ಗಿಡಗಳು ವರ್ಷದ ಎಂಟು ತಿಂಗಳು ಒಣಗಿದಂತೆ ಕಂಡರೂ ಒಂದು ಮಳೆಗೆ ಚಿಗುರೊಡೆಯುತ್ತವೆ, ಆ ಚಿಗುರನ್ನೇ ಕಾದಿದ್ದ ಪಾತರಗಿತ್ತಿಗಳು ಮೊಟ್ಟೆಯಿಡುತ್ತವೆ. ಹಿಂಗಾರಿ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ, ಅವುಗಳ ಸಂಖ್ಯೆ ಏರುವುದು ಈ ಕಾರಣಕ್ಕೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬಹುಭಾಗ ಹೋದಾಗ ಮನೆಗಳ ಜೊತೆ ಹಿತ್ತಿಲುಗಳೂ ಹೋದವು. ನವನಗರದ ಸೆಕ್ಟರುಗಳ ನಿವೇಶನಗಳಲ್ಲಿ ನಾವು ಹೊಸದಾಗಿ ಹಿತ್ತಿಲು ಕಟ್ಟಿಕೊಳ್ಳುತ್ತಿದ್ದೇವೆ. ಅವುಗಳಲ್ಲಿ ಅರ್ಧವನ್ನು ಸಿಮೆಂಟ್ ಬ್ಲಾಕುಗಳು, ಇನ್ನರ್ಧವನ್ನು ಯಾವ ಹುಳುವೂ ಮುಟ್ಟದ ಅಲಂಕಾರದ ಗಿಡಗಳು ತುಂಬಿಕೊಳ್ಳುತ್ತಿರುವುದು ನನಗೆ ನಿಜವಾಗಿಯೂ ನೋವು ತರುವ ಸಂಗತಿ. ಹುಳು ಮುಟ್ಟುವುದಿಲ್ಲ ಎಂಬುದನ್ನೇ ಗಿಡದ ದೊಡ್ಡ ಗುಣವೆಂದು ಹೇಳಿ ಮಾರುವ ಕಾಲವಿದು.

ಹುಳು ಮುಟ್ಟುವ ಗಿಡವಿದ್ದರೆ ಏನೇನು ಬರುತ್ತದೆ ಎಂಬುದನ್ನು ಯೋಚಿಸಿ. ಪಾತರಗಿತ್ತಿಯಿಟ್ಟ ಮೊಟ್ಟೆಗಳಲ್ಲಿ ಬಹುಪಾಲು ರೆಕ್ಕೆ ಬರುವ ತನಕ ಉಳಿಯುವುದೇ ಇಲ್ಲ. ಸಾಸಿವೆಗಿಂತ ಸಣ್ಣ ಕಣಜಗಳು ಮೊಟ್ಟೆಯೊಳಗೇ ತಮ್ಮ ಮೊಟ್ಟೆಯಿಡುತ್ತವೆ. ಇನ್ನು ಕೆಲವು ಜಾತಿಯ ಕಣಜಗಳ ಮರಿಗಳು ಹುಳುವಿನ ಮೈಯೊಳಗೆ ಬೆಳೆದು, ಹೊರಬಂದು, ಅದರ ಪಕ್ಕದಲ್ಲಿ ಬಿಳಿ ಹತ್ತಿಯಂಥ ಗೂಡು ಕಟ್ಟುತ್ತವೆ. ಇರುವೆ, ಜೇಡ, ಓತಿಕ್ಯಾತ, ದರ್ಜಿಹಕ್ಕಿ, ಪಿಕಳಾರ ಎಲ್ಲವೂ ತಮ್ಮ ಪಾಲು ಒಯ್ಯುತ್ತವೆ. ಇದನ್ನು ನಷ್ಟವೆಂದು ಭಾವಿಸಬಾರದು. ಗುಬ್ಬಿಗಳು ಕಡಿಮೆಯಾದವೆಂದು ಮರುಗಿ ನಾವು ಮರದ ಗೂಡು ತೂಗುಹಾಕುತ್ತೇವೆ, ತಟ್ಟೆಯಲ್ಲಿ ಅಕ್ಕಿ, ನವಣೆ ಇಡುತ್ತೇವೆ. ಕಾಳು ತಿನ್ನುವುದು ಬೆಳೆದ ಗುಬ್ಬಿ. ಗೂಡಿನೊಳಗಿನ ಮರಿಗೆ ಮೊದಲ ದಿನಗಳಲ್ಲಿ ಬೇಕಾದದ್ದು ಮೆತ್ತನೆಯ ಹುಳುಗಳು. ಹೂವಿನ ಜೇನು ಕುಡಿಯುವ ಸೂರಕ್ಕಿಯೂ ತನ್ನ ಮರಿಗೆ ತರುವುದು ಜೇಡ ಮತ್ತು ಹುಳುಗಳನ್ನು. ಗೂಡು ತೂಗುಹಾಕಿದ ಮನೆಯಲ್ಲಿಯೇ ದಾಸವಾಳಕ್ಕೆ ಕೀಟನಾಶಕ ಹೊಡೆದರೆ ಆ ಗೂಡಿನಲ್ಲಿ ಮರಿ ಬದುಕುವುದು ಹೇಗೆ?

ಆದ್ದರಿಂದ ಔಷಧದ ಬಗ್ಗೆ ನಾನು ಕಟ್ಟುನಿಟ್ಟಾಗಿ ಮಾತನಾಡುತ್ತೇನೆ. ಪಾತರಗಿತ್ತಿಗೆಂದು ಬೆಳೆಸಿದ ಅಂಗಳದಲ್ಲಿ ಯಾವ ಸಿಂಪರಣೆಯೂ ಬೇಡ. ಬೇವಿನೆಣ್ಣೆ ನಿರಪಾಯಕಾರಿ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಎಲೆ ತಿನ್ನುವ ಹುಳುವಿನ ಹಸಿವು ಮತ್ತು ಬೆಳವಣಿಗೆಯನ್ನೇ ತಡೆಯುವಂಥದು. ಬಿಟಿ ಎಂಬ ಸೂಕ್ಷ್ಮಜೀವಿಯ ಪುಡಿ ಮನುಷ್ಯರಿಗೆ, ಹಕ್ಕಿಗಳಿಗೆ ಏನೂ ಮಾಡದಿದ್ದರೂ ಪಾತರಗಿತ್ತಿ, ಪತಂಗಗಳ ಮರಿಗಳನ್ನು ಬೇಧವಿಲ್ಲದೆ ಕೊಲ್ಲುತ್ತದೆ. ಹಿಟ್ಟು ತಿಗಣೆ, ಹೇನುಗಳಿಗೆ ನೀರಿನ ರಭಸವೇ ಸಾಕು. ನರ್ಸರಿಯಿಂದ ತಂದ ಗಿಡದ ಅಂಗಾಂಗಗಳಲ್ಲಿ ಹೀರಿಕೊಂಡ ಕೀಟನಾಶಕ ಉಳಿದಿರಬಹುದಾದ್ದರಿಂದ, ಮೊದಲ ಕೆಲವು ವಾರ ಹಳೆಯ ಎಲೆಗಳು ಉದುರಿ ಹೊಸ ಚಿಗುರು ಬರುವ ತನಕ ಅದನ್ನು ಬೇರೆಯಾಗಿಟ್ಟರೆ ಒಳ್ಳೆಯದು.

ನೀರಿನ ವಿಷಯದಲ್ಲಿ ನಮ್ಮ ಸೀಮೆಯವರ ಹೊಣೆ ಇತರರಿಗಿಂತ ಹೆಚ್ಚು. ಬೇಸಿಗೆಯಲ್ಲಿ ಹಳ್ಳಗಳು ಬತ್ತಿದಾಗ ಒಂದು ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ನೀರು, ಅದರಲ್ಲಿ ಜೇನುನೊಣ ಕುಳಿತುಕೊಳ್ಳಲು ನಾಲ್ಕು ಕಲ್ಲು, ಇಷ್ಟಿದ್ದರೆ ಹಕ್ಕಿ, ಅಳಿಲು, ಕೀಟ ಎಲ್ಲಕ್ಕೂ ಆಸರೆಯಾಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ತಟ್ಟೆಯನ್ನು ಉಜ್ಜಿ ತೊಳೆಯಲೇಬೇಕು, ಇಲ್ಲವಾದರೆ ಡೆಂಗಿ ಹರಡುವ ಸೊಳ್ಳೆ ವಾರದೊಳಗೆ ಅಲ್ಲಿಯೇ ಬೆಳೆಯುತ್ತದೆ. ಪಾತರಗಿತ್ತಿಗಳಿಗೆ ತಟ್ಟೆಯ ನೀರಿಗಿಂತ ಒದ್ದೆ ಮಣ್ಣೇ ಇಷ್ಟ. ಪಾತ್ರೆ ತೊಳೆದ ನೀರು ಹರಿಯುವ ಕಡೆ ಗಂಡುಗಳು ಗುಂಪಾಗಿ ಕುಳಿತು ಮಣ್ಣಿನಿಂದ ಉಪ್ಪಿನಂಶ ಹೀರುತ್ತವೆ, ಮಿಲನದ ವೇಳೆ ಅದು ಹೆಣ್ಣಿಗೆ ಸೇರಿ ಮೊಟ್ಟೆಗಳಿಗೆ ಬಲ ಕೊಡುತ್ತದೆ. ಬಚ್ಚಲ ನೀರು ಬೀಳುವ ಒಂದು ಮೊಳ ಜಾಗಕ್ಕೆ ಸಿಮೆಂಟ್ ಹಾಕದೆ ಬಿಡುವುದು ಇದಕ್ಕೆ ಸಾಕು.

ಅಂಗಳವನ್ನು ಹಂಚಿಕೊಳ್ಳುವುದೆಂದರೆ ಎಲ್ಲ ಜೀವಿಗಳನ್ನೂ ಹೊಸ್ತಿಲೊಳಗೆ ಬಿಟ್ಟುಕೊಳ್ಳುವುದಲ್ಲ. ಹಾವಿನ ಭಯ ನಿಮ್ಮೆಲ್ಲರಲ್ಲಿಯೂ ಇದೆ, ಇರಬೇಕಾದದ್ದೇ. ಇಲಿ ಹಿಡಿಯುವ ಕೇರೆ ಹಾವಿಗೆ ವಿಷವಿಲ್ಲ. ಆದರೆ ನಾಗರ, ಕಟ್ಟುಹಾವು, ಕೊಳಕುಮಂಡಲಗಳ ಜೊತೆಗೆ ನಮ್ಮಂಥ ಒಣ ಕಲ್ಲುಭೂಮಿಯಲ್ಲಿ ಗರಗಸ ಮಂಡಲವೂ ಇರುತ್ತದೆ. ಹುಲ್ಲು, ಪೊದೆ, ಒಣಕಟ್ಟಿಗೆ, ಕಲ್ಲಿನ ರಾಶಿ ಇವೆಲ್ಲ ಬಾಗಿಲು, ಕಿಟಕಿ, ಬಚ್ಚಲಿನಿಂದ ದೂರವಿರಲಿ. ನಡೆದಾಡುವ ದಾರಿ ಬಯಲಾಗಿರಲಿ. ರಾತ್ರಿ ಬ್ಯಾಟರಿಯಿಲ್ಲದೆ ಹಿತ್ತಿಲಿಗೆ ಹೋಗಬೇಡಿ. ಅನ್ನ ಚೆಲ್ಲಿ ಇಲಿಗಳನ್ನು ಸಾಕಿದರೆ ಹಾವು ಬರುವುದು ಇಲಿಗಾಗಿಯೇ ಹೊರತು ಪಾತರಗಿತ್ತಿಯ ಗಿಡಕ್ಕಾಗಿ ಅಲ್ಲ. ಹಾವು ಕಂಡರೆ ಹೊಡೆಯದೆ ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ನಾಟಿ ಔಷಧಿಗೆ ಅಲೆಯುವುದು ಯಾವುದನ್ನೂ ಮಾಡದೆ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ.

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ದಾಳಿಂಬೆ ಬೆಳೆಯುವ ರೈತರೊಬ್ಬರು, ತಮ್ಮ ತೋಟದ ಕಾಯಿ ಕೊರಕವೂ ಪಾತರಗಿತ್ತಿಯೇ ಅಲ್ಲವೇ, ಅದನ್ನೂ ಸಾಕಬೇಕೇ ಎಂದು ಕೇಳಿದರು. ಅವರ ಮಾತು ನಿಜ. ಹೂವಿನ ಮೇಲೆ, ಎಳೆ ಕಾಯಿಯ ಮೇಲೆ ಒಂದೊಂದೇ ಮೊಟ್ಟೆಯಿಡುವ ಅನಾರ್ ಬಟರ್‌ಫ್ಲೈಯ ಮರಿ ಕಾಯಿಯನ್ನು ಕೊರೆದು ಒಳಸೇರಿ ಕಾಳುಗಳನ್ನು ತಿನ್ನುತ್ತದೆ, ಆ ರಂಧ್ರದಿಂದ ಕೊಳೆ ರೋಗವೂ ಒಳಹೋಗಿ ಹಣ್ಣು ನಾರುತ್ತದೆ. ಜೀವನಾಧಾರವಾದ ತೋಟದಲ್ಲಿ ಅದನ್ನು ಸಹಿಸಿಕೊಳ್ಳಿರೆಂದು ಹೇಳುವ ಹಕ್ಕು ನನಗಿಲ್ಲ. ಮನೆಯ ಒಂದೆರಡು ಗಿಡಗಳಿದ್ದವರು ಕಾಯಿ ಕಟ್ಟಿದ ಕೂಡಲೇ ಬಟ್ಟೆಯ ಅಥವಾ ಬೆಣ್ಣೆಕಾಗದದ ಚೀಲ ಕಟ್ಟಿದರೆ ಸಾಕು. ತೂತು ಬಿದ್ದ ಕಾಯಿಗಳನ್ನು ಗಿಡದ ಕೆಳಗೆ ಬಿಡದೆ ಆರಿಸಿ ಆಳವಾಗಿ ಹೂಳಬೇಕು. ದೊಡ್ಡ ತೋಟದವರಿಗೆ ಸಲಹೆ ಬೇಕಿದ್ದರೆ, 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ನಮ್ಮ ಊರಿನಲ್ಲಿಯೇ ಇದೆ.

ಈ ಗಿಡಗಳೆಲ್ಲ ಎಲ್ಲಿ ಸಿಗುತ್ತವೆ ಎಂಬುದು ಇನ್ನೊಬ್ಬ ತಾಯಿಯ ಪ್ರಶ್ನೆ. ಬಹುತೇಕ ಗಿಡಗಳನ್ನು ಕೊಳ್ಳಬೇಕಾದ ಅಗತ್ಯವೇ ಇಲ್ಲ. ಕಣಗಿಲೆ, ನಂದಿಬಟ್ಟಲುಗಳಿಗೆ ಕಡ್ಡಿ ಸಾಕು, ಮಿರಗದ ಮಳೆ ಬಿದ್ದ ಮೇಲೆ ಊರಿದರೆ ಬೇರು ಬಿಡುತ್ತವೆ. ಕರಿಬೇವಿಗೆ ನೆರೆಮನೆಯವರ ಗಿಡದ ಬುಡದಲ್ಲಿ ಎದ್ದ ಮರಿಗಳನ್ನು ಬೇರುಸಮೇತ ಕೇಳಿ ತನ್ನಿ. ತಂಗಡಿ, ಔಡಲ, ಬಾರಿಗಳನ್ನು ಬೀಜದಿಂದ ಎಬ್ಬಿಸಬಹುದು. ಬಾರಿಯ ಗಟ್ಟಿ ಓಟೆಯನ್ನು ಸ್ವಲ್ಪ ಒಡೆದು, ರಾತ್ರಿ ನೀರಿನಲ್ಲಿ ನೆನೆಹಾಕಿ ಬಿತ್ತಿದರೆ ಬೇಗ ಮೊಳೆಯುತ್ತದೆ. ಎಕ್ಕೆಯನ್ನು ರಸ್ತೆ ಬದಿಯಿಂದ ಕಿತ್ತು ತರುವ ಪ್ರಯತ್ನ ಬೇಡ, ಅದರ ತಾಯಿಬೇರು ಬಹಳ ಆಳಕ್ಕೆ ಇಳಿದಿರುವುದರಿಂದ ಕಿತ್ತ ಗಿಡ ಹಿಡಿಯುವುದು ಕಷ್ಟ. ಬೇಸಿಗೆಯಲ್ಲಿ ಅದರ ಕಾಯಿ ಒಡೆದು ಅರಳೆಯ ಜೊತೆ ಬೀಜ ಹಾರುವ ಮುನ್ನ ಒಂದು ಕಾಯಿಯನ್ನು ಬಿಡಿಸಿ ತಂದು, ಮೊದಲ ಮಳೆಗೆ ಹಿತ್ತಿಲ ಮೂಲೆಯಲ್ಲಿ ಹಾಕಿದರೆ ಮುಂದಿನ ವರ್ಷದೊಳಗೆ ಎದೆಯೆತ್ತರದ ಗಿಡವಾಗುತ್ತದೆ.